ಸೂರ್ಯನ ಚಿತ್ರದ ಕೆಳಗೆ ಮೂರು ವಿವರ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಸೂರ್ಯಬಿಂಬದ ಚಿತ್ರಕ್ಕೆ ಈಗ ಬರವಿಲ್ಲ. ಗ್ರಹಣಕ್ಕೊಂದು, ಸೌರ ಬಿರುಗಾಳಿಗೊಂದು, ರಥಸಪ್ತಮಿಗೆ ಇನ್ನೊಂದು. ಇಸ್ರೊದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1 2024ರ ಜನವರಿ 6ರಂದು ತನ್ನ ಜಾಗ ಸೇರಿದ ಮೇಲಂತೂ ಓದುಗರಿಗೂ ಕುತೂಹಲ ಹೆಚ್ಚಿದೆ. ಕೆಲವೊಮ್ಮೆ ಎರಡು ದಿನದ ಚಿತ್ರಗಳನ್ನು ಅಕ್ಕಪಕ್ಕ ಹಾಕಿ ‘ಕಲೆ ಸರಿದಿರುವುದನ್ನು ಗಮನಿಸಿ’ ಎಂದು ಬರೆದಿರುತ್ತಾರೆ. ಕಲೆ ಎಂದರೆ ಸೂರ್ಯಬಿಂಬದ ಮೇಲಿನ ಕಪ್ಪು ಮಚ್ಚೆ. ಗಮನಿಸಲು ಹೋದರೆ ಚಿತ್ರ ಯಾವ ಹೊತ್ತಿನದೆಂದು ಇರುವುದಿಲ್ಲ. ಸೂರ್ಯನ ಉತ್ತರ ಯಾವ ಕಡೆ ಎಂದು ಇರುವುದಿಲ್ಲ. ಅಂಕಣಕ್ಕೆ ಕೂರಿಸುವ ಭರದಲ್ಲಿ ಬಿಂಬದ ಒಂದು ಬದಿ ಕತ್ತರಿಗೆ ಹೋಗಿರುತ್ತದೆ, ಇಲ್ಲವೇ ಗೋಲಿಯಂತಿರಬೇಕಾದ ಸೂರ್ಯ ಅಡ್ಡಕ್ಕೆ ಎಳೆದು ಮೊಟ್ಟೆಯಾಗಿರುತ್ತಾನೆ. ಅಂಥ ಚಿತ್ರ ನೋಡಲು ಚೆಂದ, ಅಳೆಯಲು ಬಾರದು. ಹೊತ್ತು, ಉತ್ತರದ ದಿಕ್ಕು, ಬಿಂಬದ ಅಡ್ಡಳತೆ, ಈ ಮೂರು ವಿವರಗಳಿದ್ದರೆ ಮೈಸೂರು, ಮಂಡ್ಯದ ಯಾವ ಹೈಸ್ಕೂಲಿನ ಮಕ್ಕಳಾದರೂ ಸ್ಕೇಲು ಹಿಡಿದು, ಸೂರ್ಯ ಎಷ್ಟು ದಿನಕ್ಕೊಂದು ಸುತ್ತು ತಿರುಗುತ್ತಾನೆಂದು ತಮ್ಮ ಪುಟದ ಮೇಲೇ ಲೆಕ್ಕ ಹಾಕಬಹುದು. ಅದು ಹೇಗೆಂದೂ, ಇದೇ ಕೆಲಸವನ್ನು ಉಪಗ್ರಹಗಳ ಚಿತ್ರದಿಂದ ಸೂಕ್ಷ್ಮವಾಗಿ ಮಾಡುವಾಗ ಎಲ್ಲೆಲ್ಲಿ ಎಡವುತ್ತೇವೆಂದೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಇದು ಹಳೆಯ ವಿದ್ಯೆ. 1612ರ ಬೇಸಿಗೆಯಲ್ಲಿ ಗೆಲಿಲಿಯೊ ಬಿಂಬವನ್ನು ಕಾಗದದ ಮೇಲೆ ಬೀಳಿಸಿ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಲೆಗಳನ್ನು ಬರೆದಿಟ್ಟ. ಆ ಹಾಳೆಗಳನ್ನು ಒಂದರ ಹಿಂದೊಂದು ಓಡಿಸಿದರೆ ಇವತ್ತಿಗೂ ಸೂರ್ಯ ತಿರುಗುವುದು ಕಾಣುತ್ತದೆ. ಇಂಗ್ಲೆಂಡಿನ ಖಗೋಳವೀಕ್ಷಕ ಕ್ಯಾರಿಂಗ್ಟನ್ 1853ರಿಂದ 1861ರವರೆಗೆ ಅಳೆದು, ಸಮಭಾಜಕದ ಹತ್ತಿರದ ಕಲೆಗಳು ಬೇಗ ಹೋಗುತ್ತವೆ, ದೂರದವು ಹಿಂದುಳಿಯುತ್ತವೆ ಎಂದು ತೋರಿಸಿದ. ಸೂರ್ಯ ಕಲ್ಲಿನ ಗುಂಡಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ಪಕ್ಕದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 20ನೆಯ ಶತಮಾನದ ಮೊದಲ ದಶಕದಿಂದ ತೆಗೆದ ಸೂರ್ಯನ ಫೋಟೋಗಳ ದೊಡ್ಡ ಭಂಡಾರವೇ ಇದೆ. ಅವೆಲ್ಲ ಇಂದು ಉಪಯೋಗಕ್ಕೆ ಬರುವುದು ಪ್ರತಿ ಫೋಟೋದ ದಿನ, ಹೊತ್ತು, ದಿಕ್ಕನ್ನು ಯಾರೋ ಶ್ರದ್ಧೆಯಿಂದ ಬರೆದಿಟ್ಟದ್ದರಿಂದ.

ಪತ್ರಿಕೆಯ ಚಿತ್ರದ ಲೆಕ್ಕವನ್ನೇ ಮೊದಲು ನೋಡಿ. ಸೂರ್ಯನ ವ್ಯಾಸ ಸುಮಾರು 13.92 ಲಕ್ಷ ಕಿ.ಮೀ. ಎರಡಂಕಣದ ಜಾಗದಲ್ಲಿ ಬಿಂಬ 80 ಮಿ.ಮೀ. ಅಗಲ ಅಚ್ಚಾಯಿತೆನ್ನಿ. ಆಗ ಒಂದು ಮಿ.ಮೀ. ಅಂದರೆ 17,400 ಕಿ.ಮೀ. ಭೂಮಿಯನ್ನೇ ಅದರೊಳಗೆ ಕೂರಿಸಬಹುದು. ಬಿಂಬದ ನಡುವಿನಲ್ಲಿರುವ ಕಲೆ ಒಂದು ದಿನಕ್ಕೆ ಸುಮಾರು 9 ಮಿ.ಮೀ. ಸರಿಯುತ್ತದೆ. ಅರ್ಧ ಮಿ.ಮೀ. ತಪ್ಪಿದರೆ ಮುಕ್ಕಾಲು ಡಿಗ್ರಿ ತಪ್ಪಿದಂತೆ. ಶಾಲೆಯ ಮಟ್ಟಕ್ಕೆ ಇದು ಸಾಕು.

ಸ್ವಂತ ದೂರದರ್ಶಕ ಇರುವ ಶಾಲೆಗಳು ಪತ್ರಿಕೆಗಾಗಿ ಕಾಯಬೇಕಿಲ್ಲ. ಎದುರುಗಾಜು 60 ಅಥವಾ 70 ಮಿ.ಮೀ., ನಾಭಿದೂರ 700 ಮಿ.ಮೀ. ಇರುವ ಸಾಮಾನ್ಯ ದೂರದರ್ಶಕದಲ್ಲಿ ಸೂರ್ಯನ ಬಿಂಬ ಮೂಲದಲ್ಲಿ ಆರೂವರೆ ಮಿ.ಮೀ. ಮಾತ್ರ. 20 ಮಿ.ಮೀ. ಐಪೀಸ್ (ಕಣ್ಣಿಡುವ ಬದಿಯ ಮಸೂರ) ಹಾಕಿ ಅದರಿಂದ 48 ಸೆಂ.ಮೀ. ದೂರದಲ್ಲಿ ಬಿಳಿ ರಟ್ಟು ಹಿಡಿದರೆ ಬಿಂಬ ಸುಮಾರು 15 ಸೆಂ.ಮೀ. ಆಗುತ್ತದೆ. ಹಾಳೆಯ ಮೇಲೆ ಮೊದಲೇ ಕೈವಾರದಿಂದ 75 ಮಿ.ಮೀ. ತ್ರಿಜ್ಯದ ವೃತ್ತ ಹಾಕಿಟ್ಟು, ಬಿಂಬ ಅದಕ್ಕೆ ಸರಿಯಾಗಿ ಕೂರುವವರೆಗೆ ರಟ್ಟನ್ನು ಹಿಂದೆ ಮುಂದೆ ಸರಿಸಬೇಕು. ಜನವರಿಯಲ್ಲಿ ಸೂರ್ಯ ನಮಗೆ ಹತ್ತಿರ, ಜುಲೈಯಲ್ಲಿ ದೂರ. ಎರಡಕ್ಕೂ ಬಿಂಬದ ಅಗಲದಲ್ಲಿ ನೂರಕ್ಕೆ ಮೂರರಷ್ಟು ವ್ಯತ್ಯಾಸ ಇರುವುದರಿಂದ, ಹೋದ ಸಲ ಗುರುತು ಮಾಡಿದ ಜಾಗವೇ ಈ ಸಲವೂ ಸರಿಹೋಗುತ್ತದೆಂದು ನಂಬಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ದೂರದರ್ಶಕದೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಿದವರ ಕಣ್ಣು ಒಂದೇ ಕ್ಷಣಕ್ಕೆ ಹೋಗುತ್ತದೆ. ಪಕ್ಕದಲ್ಲಿ ಗುರಿ ಹಿಡಿಯಲೆಂದು ಇರುವ ಪುಟ್ಟ ಫೈಂಡರ್‌ಗೆ ಮುಚ್ಚಳ ಹಾಕಿ ಟೇಪು ಸುತ್ತಿರಬೇಕು, ಏಕೆಂದರೆ ಮಕ್ಕಳು ಇಣುಕುವುದು ಅದರಲ್ಲೇ. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು ಬಂದಿದ್ದರೆ ಕಸದ ಬುಟ್ಟಿಗೆ ಹಾಕಿ. ನಾಭಿಯ ಕಾವಿಗೆ ಅದು ಪಟ್ಟನೆ ಸೀಳುತ್ತದೆ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು ಎರಡೂ ಬೇಡ. ಪ್ಲಾಸ್ಟಿಕ್ ಐಪೀಸು ಕರಗುತ್ತದೆ, ಅಂಟಿಸಿದ ಮಸೂರಗಳ ಬೆಲೆಬಾಳುವ ಐಪೀಸು ಕೆಡುತ್ತದೆ. ಈ ಕೆಲಸಕ್ಕೆ ಅಂಟಿಲ್ಲದ, ಅಗ್ಗದ ಹಳೆಯ ಮಾದರಿಯದೇ ಮೇಲು.

ದಿಕ್ಕು ಹಿಡಿಯುವುದು ಎಲ್ಲರೂ ತಪ್ಪುವ ಜಾಗ. ರಟ್ಟಿನ ಮೇಲೆ ಬಿದ್ದ ಬಿಂಬ ತಲೆಕೆಳಗಾಗಿರಬಹುದು, ನಡುವೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಕನ್ನಡಿ ಇದ್ದರೆ ಎಡಬಲವೂ ಅದಲುಬದಲಾಗಿರಬಹುದು. ತರ್ಕ ಮಾಡುತ್ತಾ ಕೂರದೆ ದೂರದರ್ಶಕವನ್ನು ಹಾಗೇ ಬಿಟ್ಟುಬಿಡಿ. ಬಿಂಬ ತಾನಾಗಿ ಸರಿಯತೊಡಗುತ್ತದೆ, ಸುಮಾರು ಎರಡು ನಿಮಿಷ ಎಂಟು ಸೆಕೆಂಡಿನಲ್ಲಿ ತನ್ನ ಅಗಲದಷ್ಟು. ಅದು ಯಾವ ಕಡೆ ಸರಿಯುತ್ತದೋ ಆ ಕಡೆ ಪಶ್ಚಿಮ. ಒಂದು ಚಿಕ್ಕ ಕಲೆ ಸರಿಯುವಾಗ ಅದರ ಹಾದಿಯಲ್ಲಿ ನಾಲ್ಕೈದು ಚುಕ್ಕಿ ಇಟ್ಟು ಗೆರೆ ಎಳೆದರೆ ಪೂರ್ವ–ಪಶ್ಚಿಮ ರೇಖೆ ಸಿಕ್ಕಿತು. ಇನ್ನು ಕೊಳವೆಯನ್ನು ಧ್ರುವ ನಕ್ಷತ್ರದ ಕಡೆಗೆ ತುಸು ತಳ್ಳಿ. ಬಿಂಬದ ಯಾವ ಅಂಚು ಮೊದಲು ಹೊರಗೆ ಹೋಗುತ್ತದೋ ಅದು ದಕ್ಷಿಣ.

ಇದು ಆಕಾಶದ ಉತ್ತರ, ಸೂರ್ಯನ ಉತ್ತರವಲ್ಲ. ಇವೆರಡರ ನಡುವಿನ ಓರೆ ವರ್ಷವಿಡೀ ಬದಲಾಗುತ್ತದೆ: ಏಪ್ರಿಲ್ ಮೊದಲ ವಾರದಲ್ಲಿ ಪಶ್ಚಿಮಕ್ಕೆ 26 ಡಿಗ್ರಿ, ಅಕ್ಟೋಬರ್ 10ರ ಆಸುಪಾಸಿನಲ್ಲಿ ಪೂರ್ವಕ್ಕೆ 26 ಡಿಗ್ರಿ, ಜನವರಿ 5 ಮತ್ತು ಜುಲೈ 7ರ ಹೊತ್ತಿಗೆ ಸೊನ್ನೆ. ಇದನ್ನು ಮರೆತರೆ ಕಲೆಗಳು ಅಡ್ಡ ಹೋಗುವ ಬದಲು ಗುಡ್ಡ ಹತ್ತಿದಂತೆ ಕಾಣುತ್ತವೆ. ಕಲೆ ದಿನೇ ದಿನೇ ಉತ್ತರಕ್ಕೆ ಹೋಗುತ್ತಿದೆ ಎಂದು ವಿಜ್ಞಾನ ಮೇಳದ ಚಾರ್ಟಿನಲ್ಲಿ ಬರೆದಿದ್ದರೆ ನೂರಕ್ಕೆ ತೊಂಬತ್ತು ಸಲ ಅದು ಸೂರ್ಯನ ಸುದ್ದಿಯಲ್ಲ, ಈ ಓರೆಯ ಕಾರುಬಾರು. ಇದರ ಜೊತೆಗೆ ಸೂರ್ಯನ ಅಕ್ಷ ನಮ್ಮ ಕಡೆಗೋ ಆಚೆಗೋ 7.25 ಡಿಗ್ರಿವರೆಗೆ ಬಾಗುತ್ತದೆ. ಮಾರ್ಚ್ ಮೊದಲ ವಾರದಲ್ಲಿ ದಕ್ಷಿಣ ಧ್ರುವ, ಸೆಪ್ಟೆಂಬರ್ 8ರ ಹೊತ್ತಿಗೆ ಉತ್ತರ ಧ್ರುವ ನಮ್ಮತ್ತ. ಜೂನ್ 6 ಮತ್ತು ಡಿಸೆಂಬರ್ 7ರ ಸುಮಾರಿಗೆ ಬಾಗು ಇಲ್ಲ, ಲೆಕ್ಕ ಸಲೀಸು.

ಆ ದಿನಗಳ ಒಂದು ಉದಾಹರಣೆ. ಬಿಂಬದ ತ್ರಿಜ್ಯ 75 ಮಿ.ಮೀ. ಕಲೆ ಸಮಭಾಜಕದಿಂದ 19.5 ಮಿ.ಮೀ. ಮೇಲಿದೆ. 19.5ನ್ನು 75ರಿಂದ ಭಾಗಿಸಿದರೆ 0.26, ಅದು 15 ಡಿಗ್ರಿಯ ಸೈನ್. ಅಂದರೆ ಕಲೆಯ ಅಕ್ಷಾಂಶ 15 ಡಿಗ್ರಿ. ಆ ಅಕ್ಷಾಂಶದ ವೃತ್ತದ ತ್ರಿಜ್ಯ 72.4 ಮಿ.ಮೀ. ಇವತ್ತು ಬೆಳಿಗ್ಗೆ 9ಕ್ಕೆ ಕಲೆ ನಡುಗೆರೆಯಿಂದ (ಬಿಂಬದ ನಡುವೆ ಹಾಯುವ ಸೂರ್ಯನ ಉತ್ತರ–ದಕ್ಷಿಣ ಗೆರೆ) 28 ಮಿ.ಮೀ. ಪೂರ್ವಕ್ಕಿತ್ತು: ರೇಖಾಂಶ 22.75 ಡಿಗ್ರಿ. ನಾಳೆ 9ಕ್ಕೆ 11.8 ಮಿ.ಮೀ.: 9.38 ಡಿಗ್ರಿ. ಒಂದು ದಿನಕ್ಕೆ 13.37 ಡಿಗ್ರಿ, ಸುತ್ತು ಮುಗಿಯಲು 26.9 ದಿನ. ಇದು ಭೂಮಿಯಿಂದ ಕಂಡ ಲೆಕ್ಕ. ನಾವೂ ಸೂರ್ಯನ ಸುತ್ತ ಅದೇ ದಿಕ್ಕಿಗೆ ದಿನಕ್ಕೆ 0.99 ಡಿಗ್ರಿ ಹೋಗುತ್ತಿರುವುದರಿಂದ ಅದನ್ನು ಕೂಡಿಸಬೇಕು. 14.36 ಡಿಗ್ರಿ, ಅಂದರೆ ನಿಜವಾದ ಸುತ್ತು 25.1 ದಿನ. ಸೂರ್ಯ 27 ದಿನಕ್ಕೆ ತಿರುಗುತ್ತಾನೆಂದು ಒಂದು ಕಡೆ, 25 ದಿನಕ್ಕೆಂದು ಇನ್ನೊಂದು ಕಡೆ ಓದಿ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲಿದೆ.

ಈಗ ಪೆನ್ಸಿಲು ಒಂದೇ ಒಂದು ಮಿ.ಮೀ. ಜಾರಲಿ. ನಾಳಿನ 11.8 ಬದಲು 12.8 ಎಂದು ಬರೆದರೆ ದಿನದ ಸರಿತ 12.57 ಡಿಗ್ರಿಗೆ ಇಳಿಯುತ್ತದೆ. 26.9 ದಿನದ ಸುತ್ತು 28.6 ಆಗಿಬಿಡುತ್ತದೆ. ಅಂಚಿಗೆ ಹೋದಷ್ಟೂ ಪಾಡು ಹೆಚ್ಚು. ನಡುವಿನಲ್ಲಿ ದಿನಕ್ಕೆ 17 ಮಿ.ಮೀ. ಓಡುವ ಕಲೆ, 60 ಡಿಗ್ರಿ ದಾಟಿದ ಮೇಲೆ 7 ಮಿ.ಮೀ. ಕೂಡ ಸರಿಯುವುದಿಲ್ಲ. ಕಲೆ ನಿಧಾನವಾಗಿಲ್ಲ, ನಾವು ಓರೆಯಾಗಿ ನೋಡುತ್ತಿದ್ದೇವೆ ಅಷ್ಟೆ. ಅಲ್ಲಿ 1 ಮಿ.ಮೀ. ತಪ್ಪು ಒಂದೂವರೆ ಡಿಗ್ರಿ, 75 ಡಿಗ್ರಿಯಲ್ಲಿ ಸುಮಾರು ಮೂರು ಡಿಗ್ರಿ. ಆದ್ದರಿಂದ ನಡುಗೆರೆಯ ಆಚೀಚೆ 50 ಡಿಗ್ರಿಯೊಳಗಿನ ಅಳತೆ ಮಾತ್ರ ಇಟ್ಟುಕೊಳ್ಳಿ, ಉಳಿದದ್ದು ಬರೆದಿಟ್ಟರೂ ಲೆಕ್ಕಕ್ಕೆ ಸೇರಿಸಬೇಡಿ.

ಬೇರೆ ಬೇರೆ ಅಕ್ಷಾಂಶದ ವೇಗಭೇದ ಕಾಣಬೇಕಾದರೆ ತಾಳ್ಮೆ ಬೇಕು. ಕಲೆಗಳ ದೀರ್ಘಕಾಲದ ಅಳತೆಯ ಪ್ರಕಾರ ಸಮಭಾಜಕದಲ್ಲಿ ದಿನಕ್ಕೆ 14.52 ಡಿಗ್ರಿ, 30 ಡಿಗ್ರಿ ಅಕ್ಷಾಂಶದಲ್ಲಿ 13.81. ವ್ಯತ್ಯಾಸ 0.71 ಡಿಗ್ರಿ, ನಮ್ಮ ಹಾಳೆಯಲ್ಲಿ ಒಂದು ದಿನಕ್ಕೆ 0.8 ಮಿ.ಮೀ. ಪೆನ್ಸಿಲಿನ ಮೊನೆಯಷ್ಟು! ಐದು ದಿನ ಬಿಡದೆ ಬರೆದರೆ ಅದು 4 ಮಿ.ಮೀ. ಆಗುತ್ತದೆ, ಆಗ ಬಾಯಿಬಿಟ್ಟು ಹೇಳಬಹುದು. ಹೊತ್ತು ತಪ್ಪಬಾರದು. ಒಂದು ಗಂಟೆಗೆ 0.7 ಮಿ.ಮೀ. ಸರಿಯುವ ಕಲೆಗೆ ‘ಬೆಳಿಗ್ಗೆ’ ಎಂಬ ಸಮಯ ಸಾಲದು, ಗಂಟೆ–ನಿಮಿಷ ಬೇಕು.

ಹೊತ್ತಿನ ಮಾತು ಬಂದದ್ದಕ್ಕೆ ಊರಿನ ಮಾತೂ ಹೇಳಿಬಿಡುತ್ತೇನೆ. ಮೈಸೂರು 76.65 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ಇಲ್ಲಿ ಸೂರ್ಯನ ಮಧ್ಯಾಹ್ನ ಸರಾಸರಿ 12 ಗಂಟೆ 23 ನಿಮಿಷಕ್ಕೆ. ಏಪ್ರಿಲ್ 22ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ ಆ ಹೊತ್ತಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಮೇಲೆ–ಕೆಳಗೆ, ಎಡ–ಬಲ ತಿರುಗುವ ಸಾದಾ ಸ್ಟ್ಯಾಂಡಿನ ದೂರದರ್ಶಕಕ್ಕೆ ನೆತ್ತಿ ಆಗಿಬರುವುದಿಲ್ಲ. ಬಿಂಬ ಕೆಲವೇ ನಿಮಿಷದಲ್ಲಿ ಬುಗುರಿಯಂತೆ ಹೊರಳಿ, ಎಳೆದ ಪೂರ್ವ–ಪಶ್ಚಿಮ ಗೆರೆ ವ್ಯರ್ಥವಾಗುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಮುಗಿಸುವುದು ಎಲ್ಲಕ್ಕೂ ಒಳ್ಳೆಯದು, ನೆಲ ಇನ್ನೂ ಕಾದಿರುವುದಿಲ್ಲ. ಆರ್‌ಸಿಸಿ ತಾರಸಿ, ಡಾಂಬರು ರಸ್ತೆಯ ಪಕ್ಕ ನಿಂತರೆ ಬಿಂಬದ ಅಂಚು ಕುದಿಯುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿ, ಕೆಆರ್‌ಎಸ್ ಹಿನ್ನೀರಿನ ದಂಡೆ, ಮಂಡ್ಯದ ಕಡೆ ನೀರು ನಿಂತ ಗದ್ದೆ ಬಯಲು ವಾಸಿ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಕಟ್ಟಿರುವುದೂ ಇದೇ ಕಾರಣಕ್ಕೆ.

ಇಷ್ಟರವರೆಗೆ ಅಳೆದದ್ದು ಕಲೆಗಳ ವೇಗ. ಅದು ಸೂರ್ಯನ ಮೇಲ್ಮೈಯ ಅನಿಲದ ವೇಗವೇ ಎಂದು ಕೇಳಿದರೆ, ಸರಿಯಾಗಿ ಅಲ್ಲ. ಕಲೆ ಎಂದರೆ ಆಳದಿಂದ ಎದ್ದ ಕಾಂತಕ್ಷೇತ್ರದ ಕಟ್ಟು. ಹೊಸದಾಗಿ ಹುಟ್ಟಿದ ಕಲೆಗಳು ಹಳೆಯವಕ್ಕಿಂತ ತುಸು ಬೇಗ ಓಡುತ್ತವೆ. ಚಿತ್ರದಲ್ಲಿ ಸರಿದದ್ದಕ್ಕೂ ವಸ್ತು ಹರಿದದ್ದಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ ಕಲೆಯ ಸುತ್ತಲಿನ ಬೂದು ಅಂಚಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1909ರಲ್ಲಿ ಕೊಡೈಕೆನಾಲಿನಲ್ಲಿ ಜಾನ್ ಎವರ್‌ಶೆಡ್ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತದ ಗೆರೆಗಳ ಪಲ್ಲಟ ನೋಡಿ, ಆ ಅಂಚಿನಲ್ಲಿ ಅನಿಲ ಹೊರಮುಖವಾಗಿ ಸೆಕೆಂಡಿಗೆ ಕೆಲವು ಕಿ.ಮೀ. ವೇಗದಲ್ಲಿ ಹರಿಯುತ್ತದೆಂದು ಕಂಡುಹಿಡಿದರು. ಅದೇ ಅಂಚಿನ ಒಳಭಾಗದ ಫೋಟೋಗಳನ್ನು ಸಾಲಾಗಿ ಓಡಿಸಿ ನೋಡಿದರೆ, ಹೊಳೆಯುವ ಸಣ್ಣ ಕಾಳುಗಳು ಒಳಮುಖವಾಗಿ, ಕಲೆಯ ಕಪ್ಪು ನಡುವಿನತ್ತ ತೆವಳುತ್ತವೆ. ಗಾಳಿ ಒಂದು ಕಡೆ, ಅಲೆ ಇನ್ನೊಂದು ಕಡೆ. ಎರಡೂ ಅಳತೆ ಸರಿ. ತಪ್ಪು ಆಗುವುದು ಒಂದನ್ನು ಇನ್ನೊಂದೆಂದು ಕರೆದಾಗ.

ಕಲೆ ಇಲ್ಲದ ಜಾಗದಲ್ಲಿ ಏನನ್ನು ಹಿಡಿದು ಅಳೆಯುವುದು? 40 ಡಿಗ್ರಿ ಅಕ್ಷಾಂಶದಾಚೆ ಕಲೆಗಳೇ ವಿರಳ. ಆದರೆ ಸೂರ್ಯನ ಮೈತುಂಬ ಗ್ರ್ಯಾನ್ಯೂಲ್ ಎಂಬ ಕಾಳುಗಳಿವೆ. ಒಂದೊಂದೂ ಸುಮಾರು ಸಾವಿರ ಕಿ.ಮೀ. ಅಗಲ, ಆಯುಸ್ಸು ಎಂಟು–ಹತ್ತು ನಿಮಿಷ. ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ, ಆಲೆಮನೆಯ ಕೊಪ್ಪರಿಗೆ ನೋಡಿದ್ದರೆ ಸಾಕು. ಕಬ್ಬಿನ ಹಾಲು ಕಾದು ಮೇಲೇಳುತ್ತದೆ, ಅಗಲಕ್ಕೆ ಹರಡುತ್ತದೆ, ತಣಿದು ಅಂಚಿನಲ್ಲಿ ಇಳಿಯುತ್ತದೆ. ಮೇಲೆ ತೇಲುವ ಮಡ್ಡಿಗೆ ಇಳಿಯಲು ಬಾರದು, ಹರಿವು ತಳ್ಳಿದ ಕಡೆ ಹೋಗಿ ಅಂಚಿನಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಸೂರ್ಯನಲ್ಲಿ ಗ್ರ್ಯಾನ್ಯೂಲುಗಳ ಗುಂಪನ್ನೇ ಹೊತ್ತೊಯ್ಯುವ ಇನ್ನೂ ದೊಡ್ಡ ಕುದಿತ ಒಂದಿದೆ: ಸೂಪರ್‌ಗ್ರ್ಯಾನ್ಯೂಲ್. ಅಗಲ ಸುಮಾರು 30,000 ಕಿ.ಮೀ., ಆಯುಸ್ಸು ಒಂದೆರಡು ದಿನ, ಹರಡುವ ವೇಗ ಸೆಕೆಂಡಿಗೆ 300ರಿಂದ 400 ಮೀಟರ್. ಅದರ ಅಂಚಿನಲ್ಲಿ ಮಡ್ಡಿಯಂತೆ ಬಂದು ನಿಲ್ಲುವುದು ಕಾಂತಕ್ಷೇತ್ರ.

ನಾಸಾ 2010ರ ಫೆಬ್ರವರಿ 11ರಂದು ಸೂರ್ಯನ ವೀಕ್ಷಣೆಗೆಂದು ಹಾರಿಸಿದ ಎಸ್‌ಡಿಒ ಉಪಗ್ರಹದ ಎಚ್‌ಎಂಐ ಕ್ಯಾಮೆರಾ 45 ಸೆಕೆಂಡಿಗೊಂದರಂತೆ ಪೂರ್ಣ ಬಿಂಬದ ಚಿತ್ರ ಕೊಡುತ್ತದೆ. ಅಡ್ಡ 4096, ಉದ್ದ 4096 ಪಿಕ್ಸೆಲ್. ಬಿಂಬದ ನಡುವಿನಲ್ಲಿ ಒಂದು ಪಿಕ್ಸೆಲ್ ಸುಮಾರು 360 ಕಿ.ಮೀ. ನೆನಪಿಡಬೇಕಾದ ಲೆಕ್ಕ ಒಂದೇ: 45 ಸೆಕೆಂಡಿನಲ್ಲಿ ಒಂದು ಪಿಕ್ಸೆಲ್ ಸರಿದರೆ ವೇಗ ಸೆಕೆಂಡಿಗೆ 8 ಕಿ.ಮೀ. ಗ್ರ್ಯಾನ್ಯೂಲಿನ ಸರಿತ ಸೆಕೆಂಡಿಗೆ ಸುಮಾರು ಒಂದು ಕಿ.ಮೀ., ಅಂದರೆ ಪಿಕ್ಸೆಲಿನ ಎಂಟರಲ್ಲಿ ಒಂದು ಪಾಲು. ಸೂಪರ್‌ಗ್ರ್ಯಾನ್ಯೂಲ್ ಹರಿವು ಇಪ್ಪತ್ತೈದರಲ್ಲಿ ಒಂದು ಪಾಲಿನ ಆಸುಪಾಸು. ಸಮಭಾಜಕದಿಂದ ಧ್ರುವಕ್ಕೆ ಹರಿಯುವ, ಸೆಕೆಂಡಿಗೆ 10ರಿಂದ 20 ಮೀಟರಿನ ಪ್ರವಾಹವಂತೂ ಪಿಕ್ಸೆಲಿನ ಸಾವಿರದಲ್ಲಿ ಎರಡು ಪಾಲಿನಷ್ಟು. ಕಣ್ಣಿಗೆ ಕಾಣುವ ಮಾತೇ ಇಲ್ಲ.

ಕಾಣದ್ದನ್ನು ಹಿಡಿಯುವುದು ಹೀಗೆ. ಮೊದಲ ಚಿತ್ರದಿಂದ ಹತ್ತು–ಹನ್ನೆರಡು ಪಿಕ್ಸೆಲ್ ಅಗಲದ ಒಂದು ತುಂಡು ತೆಗೆದು, ನಡುವಿಗೆ ಹೆಚ್ಚು ತೂಕ, ಅಂಚಿಗೆ ಕಡಿಮೆ ತೂಕ ಕೊಡುತ್ತೇವೆ. ಎರಡನೆಯ ಚಿತ್ರದ ಮೇಲೆ ಅದನ್ನು ಅಲ್ಲೇ, ಒಂದು ಪಿಕ್ಸೆಲ್ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ಮೂಲೆಗಳಿಗೆ ಸರಿಸಿ ಪ್ರತಿ ಸಲವೂ ಎಷ್ಟು ಹೊಂದುತ್ತದೆಂದು ಅಂಕ ಹಾಕುತ್ತೇವೆ. ಒಂದು ಸಾಲಿನ ಅಂಕಗಳು ಹೀಗೆ ಬಂದವೆನ್ನಿ: ಎಡಕ್ಕೆ 0.80, ಅಲ್ಲೇ 0.95, ಬಲಕ್ಕೆ 0.84. ಅಲ್ಲೇ ಚೆನ್ನಾಗಿ ಹೊಂದುತ್ತದೆ, ಆದರೆ ಬಲದ ಅಂಕ ಎಡದ್ದಕ್ಕಿಂತ ತುಸು ಹೆಚ್ಚು. ಮೂರು ಬಿಂದುಗಳ ಮೇಲೆ ಒಂದು ಪ್ಯಾರಾಬೋಲ ಕೂರಿಸಿದರೆ ಅದರ ತುದಿ ಸೊನ್ನೆಯಲ್ಲಿಲ್ಲ, ಬಲಕ್ಕೆ 0.077 ಪಿಕ್ಸೆಲಿನಲ್ಲಿದೆ. ವೇಗ ಸೆಕೆಂಡಿಗೆ 0.62 ಕಿ.ಮೀ. ಒಂದು ಜೋಡಿಯನ್ನು ನಂಬಬಾರದು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗಿನ ಎಲ್ಲ ಜೋಡಿಗಳ ಹೊಂದಿಕೆಯ ಅಂಕಗಳನ್ನು ಮೊದಲು ಸರಾಸರಿ ಮಾಡಿ, ಆಮೇಲೆ ತುದಿ ಹುಡುಕಬೇಕು. ತುದಿಗಳನ್ನು ಹುಡುಕಿ ಆಮೇಲೆ ಸರಾಸರಿ ಮಾಡಿದರೆ ಗದ್ದಲ, ಅಂದರೆ ಅಡ್ಡಾದಿಡ್ಡಿ ತಪ್ಪು, ಹೆಚ್ಚು.

ತುಂಡು ಚಿಕ್ಕದಾದರೆ ಪಕ್ಕದ ಗ್ರ್ಯಾನ್ಯೂಲನ್ನೇ ತನ್ನದೆಂದು ಹಿಡಿದು ದೊಡ್ಡ ಸುಳ್ಳು ವೇಗ ಹೇಳುತ್ತದೆ. ದೊಡ್ಡದಾದರೆ ಎದುರುಬದುರು ಹರಿವುಗಳು ಒಂದರೊಳಗೊಂದು ಕರಗಿ ಸಪ್ಪೆಯಾಗುತ್ತವೆ. ಚಿತ್ರಗಳ ನಡುವಿನ ಅಂತರ ಒಂದೆರಡು ನಿಮಿಷ ದಾಟಿದರೆ ಗ್ರ್ಯಾನ್ಯೂಲು ರೂಪ ಬದಲಿಸಿ ಗುರುತೇ ಸಿಗುವುದಿಲ್ಲ. ಎಲ್ಲ ಸರಿಯಿದ್ದರೂ ಈ ವಿಧಾನ ವೇಗವನ್ನು ಕಡಿಮೆಯೇ ತೋರಿಸುತ್ತದೆ, ಹೆಚ್ಚು ತೋರಿಸುವುದು ಅಪರೂಪ.

ಇದಕ್ಕೂ ಮುಂಚಿನ ತಯಾರಿಯಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಎಚ್‌ಎಂಐ ಮೂಲ ಕಡತದಲ್ಲಿ ಸೂರ್ಯನ ಉತ್ತರ ಕೆಳಗಿರುತ್ತದೆ. ಕಡತದ ತಲೆಯಲ್ಲಿರುವ ವಿವರಪಟ್ಟಿಯಲ್ಲಿ (ಶಿರೋಲೇಖ), ಚಿತ್ರ ಎಷ್ಟು ತಿರುಗಿದೆಯೆಂದು ಹೇಳುವ ಕ್ರೋಟಾ-2 ಎಂಬ ಸಾಲು ಸುಮಾರು 180 ಡಿಗ್ರಿ ಎನ್ನುತ್ತಿರುತ್ತದೆ. ನೋಡದೆ ಮುಂದುವರಿದರೆ ಸೂರ್ಯ ಹಿಮ್ಮುಖವಾಗಿ ತಿರುಗುತ್ತಾನೆ. ಕಡತದ ಸಮಯ ಟಿಎಐ ಎಂಬ ಪರಮಾಣು ಗಡಿಯಾರದ್ದು, ಅದು ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕಿಂತ 37 ಸೆಕೆಂಡ್ ಮುಂದೆ. ಬೇರೆ ಉಪಕರಣದ ಚಿತ್ರದೊಡನೆ ಜೋಡಿಸುವಾಗ ಇದನ್ನು ಮರೆತರೆ ಹೆಚ್ಚುಕಡಿಮೆ ಒಂದು ಚಿತ್ರದಷ್ಟೇ ಅಂತರ ಬೀಳುತ್ತದೆ. ಆದಿತ್ಯದ ಚಿತ್ರವನ್ನು ಜೊತೆಗಿಟ್ಟರೆ ಇನ್ನೊಂದು ಎಚ್ಚರ: ಅದು ನಮಗಿಂತ 15 ಲಕ್ಷ ಕಿ.ಮೀ. ಸೂರ್ಯನ ಹತ್ತಿರ, ಬಿಂಬ ನೂರಕ್ಕೆ ಒಂದರಷ್ಟು ದೊಡ್ಡದು.

ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವಾಗ ಪಿಕ್ಸೆಲಿನ ನೂರರಲ್ಲಿ ಒಂದು ಪಾಲು ತಪ್ಪಿದರೂ ಸೆಕೆಂಡಿಗೆ 80 ಮೀಟರಿನ ಸುಳ್ಳು ಹರಿವು ಬಿಂಬದ ತುಂಬ ಏಳುತ್ತದೆ. ಅಂಚಿನ ಕಡೆಗಿನ ಮಬ್ಬನ್ನು ಸರಿದೂಗಿಸಬೇಕು, ಓರೆಯಾದ ಜಾಗವನ್ನು ಸಮತಟ್ಟು ನಕ್ಷೆಗೆ ಹರಡಬೇಕು, ತಿರುಗುವ ವೇಗವನ್ನು ಮೊದಲೇ ಕಳೆದುಬಿಡಬೇಕು. ಆಮೇಲೆ ಐದು ನಿಮಿಷದ ಉಸಿರಾಟವಿದೆ. ಸೂರ್ಯನ ಮೈ ಶಬ್ದದ ಅಲೆಗಳಿಂದ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ, ಆ ಅಲೆಗಳು ಚಿತ್ರದಲ್ಲಿ ಹೊಳಪಿನ ಪಟ್ಟೆಗಳಾಗಿ ಓಡಿ ಲೆಕ್ಕ ಕೆಡಿಸುತ್ತವೆ. ಸೆಕೆಂಡಿಗೆ ಐದು ಕಿ.ಮೀ.ಗಿಂತ ವೇಗವಾಗಿ ಓಡುವುದನ್ನೆಲ್ಲ ಜರಡಿ ಹಿಡಿದು ತೆಗೆಯುವುದು ರೂಢಿ. ಜರಡಿಗೆ ಕನಿಷ್ಠ ಒಂದು ಗಂಟೆಯ ಸರಣಿ ಕೊಡಿ, ಎರಡೂ ತುದಿಯ ಕೆಲವು ಚಿತ್ರ ಎಸೆಯಿರಿ. ನೆಲದ ದೂರದರ್ಶಕದ ಚಿತ್ರವಾದರೆ ಗಾಳಿಯ ನಡುಕವನ್ನು ಎಳೆದು ಸರಿಮಾಡುವ ಪ್ರೋಗ್ರಾಮ್ ಬಳಸುತ್ತಾರೆ. ಎಲ್ಲ ಚಿತ್ರಗಳನ್ನೂ ಒಂದೇ ಮೊದಲ ಚಿತ್ರಕ್ಕೆ ಎಳೆದರೆ ನಿಜವಾದ ಹರಿವೂ ನಡುಕದ ಜೊತೆಗೇ ಅಳಿಸಿಹೋಗುತ್ತದೆ. ಹಿಂದಿನ ಕೆಲವು ಚಿತ್ರಗಳ ಸರಾಸರಿಗೆ ಹೊಂದಿಸುವುದು ವಾಸಿ.

ವಾಟ್ಸ್ಆ್ಯಪಿನಲ್ಲಿ ಬಂದ ವಿಡಿಯೊದಿಂದ ಅಳೆಯಲು ಹೋಗುವವರಿಗೆ ಒಂದು ಮಾತು. ಜೆಪೆಗ್ ಮಾದರಿಯಲ್ಲಿ ಕುಗ್ಗಿಸಿದ ಚಿತ್ರ ಎಂಟೆಂಟು ಪಿಕ್ಸೆಲಿನ ಚೌಕಗಳಾಗಿ ಒಡೆದಿರುತ್ತದೆ, ಕುಗ್ಗಿಸಿದ ವಿಡಿಯೊದಲ್ಲೂ ಇಂಥದೇ ಚೌಕಗಳು. ಗ್ರ್ಯಾನ್ಯೂಲು ಸರಿದರೂ ಚೌಕ ಸರಿಯುವುದಿಲ್ಲ, ಕಂಪ್ಯೂಟರು ಚೌಕವನ್ನೇ ಹಿಡಿದು ವೇಗ ಸೊನ್ನೆ ಎನ್ನುತ್ತದೆ. 4096ನ್ನು 1024ಕ್ಕೆ ಇಳಿಸಿದ ಚಿತ್ರದಲ್ಲಿ ಒಂದು ಪಿಕ್ಸೆಲೇ 1,450 ಕಿ.ಮೀ., ಅಲ್ಲಿಗೆ ಗ್ರ್ಯಾನ್ಯೂಲು ಮಾಯ. ಕುಗ್ಗಿಸಿ ಕೆಡಿಸದ ಮೂಲ ಫಿಟ್ಸ್ ಮಾದರಿಯ ಕಡತಗಳು ಉಚಿತವಾಗಿ ಸಿಗುವಾಗ ಈ ಪಡಿಪಾಟಲು ಏಕೋ!

ಇನ್ನೊಂದು ದೋಷ ಬಹಳ ಜಾಣತನದ್ದು. ಎಲ್ಲ ತಿದ್ದುಪಡಿ ಆದಮೇಲೂ ಬಿಂಬದ ನಡುವಿನಿಂದ ದೂರ ಹೋದಂತೆ ಗ್ರ್ಯಾನ್ಯೂಲುಗಳೆಲ್ಲ ನಡುವಿನತ್ತ ಹರಿಯುವಂತೆ ಕಾಣುತ್ತವೆ, ಸೂರ್ಯ ಕುಗ್ಗುತ್ತಿದ್ದಾನೋ ಎಂಬಂತೆ. ಸೆಕೆಂಡಿಗೆ ನೂರಾರು ಮೀಟರ್, ಕೆಲವೆಡೆ ಒಂದು ಕಿ.ಮೀ.ವರೆಗೂ. ಓರೆಯಾಗಿ ನೋಡುವಾಗ ಗ್ರ್ಯಾನ್ಯೂಲಿನ ಈಚೆ ಬದಿ, ಆಚೆ ಬದಿ ಒಂದೇ ರೀತಿ ಹೊಳೆಯದಿರುವುದೇ ಇದಕ್ಕೆ ಕಾರಣವಿರಬೇಕೆಂದು ತಜ್ಞರ ಅಭಿಪ್ರಾಯ. ಧ್ರುವದತ್ತ ಹರಿಯುವ 15 ಮೀಟರಿನ ಪ್ರವಾಹ ಹುಡುಕುವವರಿಗೆ ಈ ಸುಳ್ಳು ಹತ್ತಾರು ಪಟ್ಟು ದೊಡ್ಡದು. ಅದೃಷ್ಟಕ್ಕೆ ಅದು ಮುಖ್ಯವಾಗಿ ನಡುವಿನಿಂದ ಇರುವ ದೂರವನ್ನು ಮಾತ್ರ ಅವಲಂಬಿಸುತ್ತದೆ. ಪೂರ್ವ–ಪಶ್ಚಿಮದಲ್ಲಿ ಅದೇ ದೂರದಲ್ಲಿ ಎಷ್ಟಿದೆಯೆಂದು ಅಳೆದು, ಉತ್ತರ–ದಕ್ಷಿಣದಿಂದ ಕಳೆಯಬಹುದು.

ಫಲಿತಾಂಶ ಬಂದ ಮೇಲೆ ನಂಬುವ ಮುಂಚೆ ಮೂರು ಪರೀಕ್ಷೆ ಮಾಡಿ. ಒಂದು ಚಿತ್ರವನ್ನು ನೀವೇ 0.1 ಪಿಕ್ಸೆಲ್ ಸರಿಸಿ ಪ್ರೋಗ್ರಾಮಿಗೆ ಕೊಡಿ. 0.07 ಎಂದು ಹೇಳಿದರೆ ನಿಮ್ಮ ಎಲ್ಲ ವೇಗಗಳೂ ಅಷ್ಟೇ ಪಾಲು ಕಡಿಮೆ ಎಂದು ತಿಳಿಯಿತು. ಸರಣಿಯನ್ನು ಹಿಂದುಮುಂದಾಗಿ ಓಡಿಸಿ, ವೇಗದ ದಿಕ್ಕು ತಿರುಗಬೇಕು. ತಿರುಗದ ಭಾಗವೆಲ್ಲ ಸುಳ್ಳು. ಕೊನೆಯದು ಆಲೆಮನೆ ಪರೀಕ್ಷೆ: ಲೆಕ್ಕದಿಂದ ಬಂದ ಹರಿವಿನ ಮೇಲೆ ಕಂಪ್ಯೂಟರಿನಲ್ಲೇ ಸಾವಿರಾರು ಬೆಂಡಿನ ಚೂರು ಸಮನಾಗಿ ಚೆಲ್ಲಿ ಒಂದು ದಿನ ತೇಲಲು ಬಿಡಿ. ಅವು ಮಡ್ಡಿಯಂತೆ ಸಾಲುಗಟ್ಟಿ ಬಲೆ ಹೆಣೆಯಬೇಕು. ಅದೇ ಎಚ್‌ಎಂಐ ಅದೇ ಹೊತ್ತಿಗೆ ಕೊಡುವ ಕಾಂತಕ್ಷೇತ್ರದ ಚಿತ್ರದ ಮೇಲೆ ಆ ಬಲೆ ಕೂತರೆ ಸರಿ. ಕೂರದಿದ್ದರೆ ಮೊದಲಿನಿಂದ ಶುರು.

ಇನ್ನು ಪತ್ರಿಕೆಯಲ್ಲಿ ಬಿನ್ನಹ. ಗ್ರ್ಯಾನ್ಯೂಲಿನ ಗೋಜು ತಮಗೆ ಬೇಡ, 80 ಮಿ.ಮೀ. ಬಿಂಬದಲ್ಲಿ ಅದು ಮುದ್ರಣದ ಚುಕ್ಕಿಗಿಂತ ಚಿಕ್ಕದು. ಆದರೆ ಚಿತ್ರದಡಿ ಒಂದೇ ಸಾಲು ಸೇರಿಸಿ: ‘ಎಸ್‌ಡಿಒ–ಎಚ್‌ಎಂಐ ಚಿತ್ರ, ಭಾರತೀಯ ಕಾಲಮಾನ ಬೆಳಿಗ್ಗೆ 9.30, ಸೂರ್ಯನ ಉತ್ತರ ಮೇಲೆ, ಬಿಂಬದ ಅಡ್ಡಳತೆ 80 ಮಿ.ಮೀ.’ ಯುಟಿಸಿಯಲ್ಲಿ 4.00 ಎಂದಿರುವುದನ್ನು ಹಾಗೇ ಬೆಳಗಿನ ಜಾವ ನಾಲ್ಕು ಎಂದು ಹಾಕಬೇಡಿ, ಐದೂವರೆ ಗಂಟೆ ಕೂಡಿಸಿ. ಪುಟ ವಿನ್ಯಾಸದವರು ಬಿಂಬವನ್ನು ಅಡ್ಡ, ಉದ್ದ ಎರಡೂ ಅಳೆದು ಒಂದೇ ಬಂದರೆ ಮಾತ್ರ ಬಿಡಲಿ. ಎರಡು ದಿನದ ಚಿತ್ರ ಹಾಕುವಾಗ ಎರಡೂ ಒಂದೇ ಕ್ಯಾಮೆರಾದ್ದು, ಒಂದೇ ಬಣ್ಣದ್ದು ಇರಲಿ. ಕೆಂಪು, ಹಸಿರು, ಬಂಗಾರದ ಸೂರ್ಯರು ಹೆಚ್ಚಾಗಿ ಅತಿನೇರಳೆ ಬೆಳಕಿನಲ್ಲಿ ತೆಗೆದು ಬಣ್ಣ ಬಳಿದ, ಮೇಲ್ಮೈಗಿಂತ ಎತ್ತರದ ಪದರಗಳ ಚಿತ್ರಗಳು. ಅದರಲ್ಲಿನ ಹೊಳಪನ್ನೂ ಇದರಲ್ಲಿನ ಕಲೆಯನ್ನೂ ಹೋಲಿಸಿ ಸರಿದದ್ದೆಷ್ಟು ಎಂದರೆ ಉತ್ತರವಿಲ್ಲ.

ಶುರುಮಾಡಲು ಡಿಸೆಂಬರ್ ಮೊದಲ ವಾರ ಅನುಕೂಲ. ಮಳೆ ಮುಗಿದು ಮೈಸೂರಿನ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ, ಸೂರ್ಯನ ಬಾಗು ಸೊನ್ನೆಯ ಹತ್ತಿರ ಇರುತ್ತದೆ. ಐದು ದಿನ ಸತತವಾಗಿ, ಉತ್ತರ ಮೇಲಿಟ್ಟು, ಒಂದೇ ಅಳತೆಯಲ್ಲಿ ಒಳಪುಟದ ಮೂಲೆಯಲ್ಲಿ ಒಂದೊಂದು ಬಿಂಬ ಅಚ್ಚು ಹಾಕಿದರೆ ಕತ್ತರಿಸಿ ಅಂಟಿಸಿಕೊಳ್ಳುವ ಕೆಲಸ ಮಕ್ಕಳದು. ಕಲೆ ಎಡದಿಂದ ಬಲಕ್ಕೆ ಹೋಗಬೇಕು. ಬಲದಿಂದ ಎಡಕ್ಕೆ ಹೋದರೆ ಪತ್ರಿಕಾಲಯದಲ್ಲಿ ಯಾರೋ ಚಿತ್ರವನ್ನು ಮಗುಚಿ ಹಾಕಿದ್ದಾರೆಂದು ಅವರೇ ತಮಗೆ ಪತ್ರ ಬರೆಯುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ,
ಕುವೆಂಪುನಗರ, ಮೈಸೂರು